ಸ್ಕ್ರೀನ್ ಕೊನೆಗೆ ಕೊಳ್ಳಿ: ಕಟ್ಟಡಕ್ಕೆ ಡಿಜಿಟಲ್ ಸೈನೇಜ್ ಆರಿಸುವ ಬಗೆ

ಡಿಜಿಟಲ್ ಸೈನೇಜ್, ಅಂದರೆ ಸೂಚನೆ, ಮಾಹಿತಿ ತೋರಿಸುವ ಗೋಡೆ ಸ್ಕ್ರೀನ್‌ಗಳನ್ನು ಹಾಕಿಸಬೇಕು ಅಂತ ಯಾರೇ ನನ್ನ ಹತ್ತಿರ ಬಂದರೂ ಮೊದಲು ಕೇಳುವುದು ಇದನ್ನೇ: "ಎಷ್ಟು ಇಂಚಿನದು ತಗೊಳ್ಳಲಿ? ಯಾವ ಕಂಪನಿದು?" ನಾನು ಅದಕ್ಕೆ ಉತ್ತರ ಕೊಡುವ ಮೊದಲು ಒಂದು ಮಾತು ಕೇಳುತ್ತೇನೆ. "ಸೋಮವಾರ ಬೆಳಿಗ್ಗೆ ಅದರಲ್ಲಿರುವ ವಿಷಯ ಬದಲಾಯಿಸುವವರು ಯಾರು?" ಈ ಪ್ರಶ್ನೆಗೆ ಒಬ್ಬರ ಹೆಸರು ಸಿಗುವ ತನಕ ಸ್ಕ್ರೀನಿನ ಮಾತೇ ಬೇಡ.

ಕಟ್ಟಡಗಳ ನಿರ್ವಹಣೆ ನನ್ನ ಕೆಲಸ. ಲಿಫ್ಟ್, ಜನರೇಟರ್, ಎಸಿ ಇವುಗಳ ಜೊತೆ ಗೋಡೆ ಮೇಲಿನ ಸ್ಕ್ರೀನ್‌ಗಳೂ ನನ್ನ ಪಾಲಿಗೆ ಬಂದಿವೆ. ಆಸ್ಪತ್ರೆ, ಕಾಲೇಜು, ಕಾರ್ಖಾನೆ ಮೂರೂ ಕಡೆ ಹಾಕಿಸಿದ್ದೇನೆ, ಆಮೇಲೆ ವರ್ಷಗಟ್ಟಲೆ ನೋಡಿಕೊಂಡಿದ್ದೇನೆ. ದುಬಾರಿ ಸ್ಕ್ರೀನ್ ಇರುತ್ತದೆ, ಚೆಂದದ ಗೋಡೆ ಇರುತ್ತದೆ, ಅದರಲ್ಲಿ ಎಂದೋ ಮುಗಿದುಹೋದ ಕಾರ್ಯಕ್ರಮದ ಆಹ್ವಾನ ಓಡುತ್ತಿರುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಒಮ್ಮೆ ಹೀಗಾದರೆ ಜನ ಆ ಗೋಡೆ ಕಡೆ ನೋಡುವುದನ್ನೇ ಬಿಟ್ಟುಬಿಡುತ್ತಾರೆ. ಆಮೇಲೆ ಅಲ್ಲಿ ಎಷ್ಟು ಮುಖ್ಯವಾದದ್ದು ಹಾಕಿದರೂ ಯಾರಿಗೂ ಕಾಣುವುದಿಲ್ಲ.

ಅದಕ್ಕೇ ನಾನು ಈ ಕ್ರಮ ಹಿಡಿಯುತ್ತೇನೆ: ಮೊದಲು ಜಾಗ ಮತ್ತು ನೋಡುವವರು, ಆಮೇಲೆ ವಿಷಯ ಬದಲಾಯಿಸುವವರು, ಅದಾದ ಮೇಲೆ ಸಾಫ್ಟ್‌ವೇರ್, ಪ್ಲೇಯರ್ (ಸ್ಕ್ರೀನಿಗೆ ಚಿತ್ರ ಕೊಡುವ ಯಂತ್ರ), ಕೊನೆಗೆ ಸ್ಕ್ರೀನ್. ಅಂಗಡಿಯವರು ಇದನ್ನು ಪೂರ್ತಿ ಉಲ್ಟಾ ಹೇಳುತ್ತಾರೆ, ಯಾಕೆಂದರೆ ಅವರು ಮಾರುವುದು ಸ್ಕ್ರೀನ್.

ಮೊದಲು ಕಟ್ಟಡ ಸುತ್ತಿ

ಕಟ್ಟಡದ ನಕ್ಷೆಯ ಒಂದು ಪ್ರಿಂಟ್, ಒಂದು ಪೆನ್ನು, ಒಂದು ಅಳತೆ ಟೇಪು ಸಾಕು. ಜನ ಜಾಸ್ತಿ ಇರುವ ಹೊತ್ತಿನಲ್ಲೇ ಹೋಗಿ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನದ ಮೇಲೆ ಇನ್ನೊಮ್ಮೆ ಹೋಗುವುದು ಒಳ್ಳೆಯದು, ಕಿಟಕಿಯ ಬಿಸಿಲು ಜಾಗ ಬದಲಾಯಿಸುತ್ತದೆ ಅಲ್ವಾ. ಸ್ಕ್ರೀನ್ ಬೇಕು ಅನ್ನಿಸಿದ ಪ್ರತಿ ಜಾಗಕ್ಕೂ ನಾಲ್ಕು ವಿಷಯ ಬರೆದುಕೊಳ್ಳಿ. ಜನ ಎಷ್ಟು ದೂರದಲ್ಲಿರುತ್ತಾರೆ? ಎಷ್ಟು ಹೊತ್ತು ಇರುತ್ತಾರೆ? ಬೆಳಕು ಎಲ್ಲಿಂದ ಬೀಳುತ್ತದೆ? ಅಲ್ಲಿ ಅವರಿಗೆ ಏನು ಗೊತ್ತಾಗಬೇಕು? ನಾಲ್ಕನೆಯದಕ್ಕೆ ಬರೆಯಲು ಏನೂ ಹೊಳೆಯದಿದ್ದರೆ ಆ ಜಾಗವನ್ನು ನಕ್ಷೆಯಿಂದ ಹೊಡೆದುಹಾಕಿ. ನಾನು ಸುತ್ತಿದಾಗಲೆಲ್ಲ ಮೊದಲ ಪಟ್ಟಿಯಲ್ಲಿದ್ದ ಎಷ್ಟೋ ಸ್ಕ್ರೀನ್‌ಗಳು ಹೀಗೇ ಉದುರಿಹೋಗಿವೆ.

ಜನ ಸಾಮಾನ್ಯವಾಗಿ ಮೂರು ತರಹ ಇರುತ್ತಾರೆ. ನಡೆದು ಹೋಗುವವರು, ಕಾಯುವವರು, ಹುಡುಕುವವರು. ಕಾರಿಡಾರಿನಲ್ಲಿ ನಡೆಯುವವರ ಕಣ್ಣು ಸ್ಕ್ರೀನ್ ಮೇಲೆ ನಿಲ್ಲುವುದು ಎರಡು ಮೂರು ಸೆಕೆಂಡು. ಅಲ್ಲಿ ಒಂದೇ ಮಾತು, ಆರೇಳು ಪದ, ಅಷ್ಟೇ. ವಿಡಿಯೊ ಬೇಡ. ಲಿಫ್ಟ್ ಎದುರು ನಿಂತು ದಾರಿ ಹುಡುಕುವವರಿಗೆ ಯಾವ ಮಹಡಿಯಲ್ಲಿ ಏನಿದೆ ಅನ್ನುವ ಪಟ್ಟಿ ಸದಾ ಕಾಣುತ್ತಿರಬೇಕು. ಅದರ ಮೇಲೆ ಜಾಹೀರಾತು ಓಡಿಸಿದರೆ, ಪಟ್ಟಿ ಮತ್ತೆ ಬರುವ ತನಕ ಅವರು ಕಾಯುವುದಿಲ್ಲ, ಸೀದಾ ಸೆಕ್ಯುರಿಟಿಯವರನ್ನು ಕೇಳುತ್ತಾರೆ.

ಕಾಯುವವರ ಜಾಗ ಬೇರೆಯೇ. ಆಸ್ಪತ್ರೆಯ ಹೊರರೋಗಿ ವಿಭಾಗವನ್ನೇ ತಗೊಳ್ಳಿ. ಅಲ್ಲಿ ಕೂತವರ ಮನಸ್ಸಿನಲ್ಲಿ ಇರುವುದು ಒಂದೇ ಪ್ರಶ್ನೆ: ನನ್ನ ನಂಬರ್ ಯಾವಾಗ? ಟೋಕನ್ ನಂಬರನ್ನು ಆರೋಗ್ಯದ ವಿಡಿಯೊ ಜೊತೆ ಸರದಿಯಲ್ಲಿ ತೋರಿಸಿದರೆ, ವಿಡಿಯೊ ಓಡುವಷ್ಟು ಹೊತ್ತೂ ಕೂತವರಿಗೆ ತಳಮಳ. ನಂಬರಿಗೆ ಸ್ಕ್ರೀನಿನ ಒಂದು ಭಾಗವನ್ನು ಖಾಯಂ ಆಗಿ ಬಿಟ್ಟುಕೊಡಿ. ಎಲ್ಲರೂ ಫೋನ್ ನೋಡುತ್ತಾ ಕೂತಿರುತ್ತಾರೆ. ಆದ್ದರಿಂದ ನಂಬರ್ ಬದಲಾದಾಗ ಮೆತ್ತಗೆ ಒಂದು ಗಂಟೆ ಸದ್ದು, ಜೊತೆಗೆ ಬಣ್ಣದ ಬದಲಾವಣೆ ಬೇಕು. ಹೆಸರು ಹಾಕಬೇಡಿ, ಟೋಕನ್ ಮತ್ತು ಕೊಠಡಿ ನಂಬರ್ ಸಾಕು. ಯಾರು ಯಾವ ಡಾಕ್ಟರನ್ನು ನೋಡಲು ಬಂದಿದ್ದಾರೆ ಅನ್ನುವುದು ಹಾಲ್‌ನಲ್ಲಿ ಕೂತ ಎಲ್ಲರಿಗೂ ಗೊತ್ತಾಗಬೇಕಿಲ್ಲ.

ಇಷ್ಟನ್ನು ಬರೆದುಕೊಳ್ಳುವ ಹೊತ್ತಿಗೆ ದೊಡ್ಡದೊಂದು ವಿಷಯ ತೀರ್ಮಾನ ಆಗಿಬಿಟ್ಟಿರುತ್ತದೆ. ನಿಮ್ಮ ಸೈನೇಜ್ ಸಾಫ್ಟ್‌ವೇರ್ ಟೋಕನ್ ವ್ಯವಸ್ಥೆಯಿಂದ ಮಾಹಿತಿ ತಗೊಳ್ಳಲು ಬರುವಂಥದ್ದೇ ಆಗಬೇಕು. ಬರೀ ಫೋಟೊ ಮತ್ತು ವಿಡಿಯೊ ಓಡಿಸುವ ಸಾಫ್ಟ್‌ವೇರ್‌ಗಳೆಲ್ಲ ಅಲ್ಲಿಗೇ ಪಟ್ಟಿಯಿಂದ ಹೊರಗೆ. ನೋಡಿ, ಇನ್ನೂ ಒಂದು ಸ್ಕ್ರೀನನ್ನೂ ಮುಟ್ಟಿಲ್ಲ.

ಅಕ್ಷರ ಎಷ್ಟು ದೊಡ್ಡದಿರಬೇಕು

ಸ್ಕ್ರೀನಿನ ಅಳತೆಯನ್ನು ಗೋಡೆ ನೋಡಿ ಆರಿಸುತ್ತಾರೆ. ಅಕ್ಷರ ನೋಡಿ ಆರಿಸಬೇಕು. ಫಲಕಗಳ ಕೆಲಸದಲ್ಲಿ ಬಹಳ ಕಾಲದಿಂದ ನಡೆದು ಬಂದ ಒಂದು ಲೆಕ್ಕ ಇದೆ: ಪ್ರತಿ 3 ಮೀಟರ್ ದೂರಕ್ಕೆ ಸುಮಾರು 25 ಮಿಲಿಮೀಟರ್ ಅಕ್ಷರದ ಎತ್ತರ. ಸಲೀಸಾಗಿ ಓದಲು ಇಷ್ಟು ಬೇಕು.

ಒಂದು ಉದಾಹರಣೆ ಲೆಕ್ಕ ಹಾಕೋಣ. 55 ಇಂಚಿನ ಸ್ಕ್ರೀನ್ ಅಡ್ಡಡ್ಡ ಹಾಕಿದರೆ ಅದರ ಎತ್ತರ ಸುಮಾರು 68 ಸೆಂಟಿಮೀಟರ್. ಹಿಂದಿನ ಸಾಲಿನ ಕುರ್ಚಿ 9 ಮೀಟರ್ ದೂರದಲ್ಲಿದೆ ಅಂದುಕೊಳ್ಳಿ. ಅಲ್ಲಿಂದ ಓದಲು ಅಕ್ಷರ 75 ಮಿಲಿಮೀಟರ್ ಇರಬೇಕು. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ ಇರುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಬೇಕಾಗುತ್ತದೆ. ಅಲ್ಲಿಗೆ ಆ ಸ್ಕ್ರೀನಿನಲ್ಲಿ ಹಿಡಿಯುವುದು ನಾಲ್ಕು ಸಾಲು. ಟೋಕನ್ ತೋರಿಸಲು ನಾಲ್ಕು ಸಾಲು ಸಾಕು. ಹತ್ತು ಡಾಕ್ಟರ್‌ಗಳ ವೇಳಾಪಟ್ಟಿಗೆ ಸಾಲದು. ಆಗ ದೊಡ್ಡ ಸ್ಕ್ರೀನ್ ತಗೊಳ್ಳಬೇಕು, ಇಲ್ಲವೇ ಹಾಲ್‌ನ ಮಧ್ಯಕ್ಕೆ ಇನ್ನೊಂದು ಸ್ಕ್ರೀನ್ ಹಾಕಬೇಕು, ಇಲ್ಲವೇ ಪಟ್ಟಿಯನ್ನು ಎರಡು ಪುಟ ಮಾಡಬೇಕು. ಎರಡು ಸಣ್ಣ ಸ್ಕ್ರೀನ್ ಹಾಕುವುದು ನನಗೆ ಹೆಚ್ಚು ಇಷ್ಟ. ಕಂಬ ಅಡ್ಡ ಬಂದರೂ ಒಂದಲ್ಲ ಒಂದು ಕಾಣುತ್ತದೆ. ಒಂದು ಕೆಟ್ಟರೂ ಇನ್ನೊಂದು ನಡೆಯುತ್ತದೆ.

ಲೆಕ್ಕ ನಂಬದಿದ್ದರೆ ಇನ್ನೂ ಸುಲಭದ ದಾರಿ ಇದೆ. ಅಷ್ಟೇ ದೊಡ್ಡ ಅಕ್ಷರಗಳನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು, ಸ್ಕ್ರೀನ್ ಬರುವ ಎತ್ತರದಲ್ಲೇ ಗೋಡೆಗೆ ಅಂಟಿಸಿ. ಹಿಂದಿನ ಕುರ್ಚಿಯಲ್ಲಿ ವಯಸ್ಸಾದವರೊಬ್ಬರನ್ನು ಕೂರಿಸಿ ಓದಿಸಿ. ಅವರು ಕಣ್ಣು ಕಿರಿದು ಮಾಡಿದರೆ ಅಕ್ಷರ ಇನ್ನೂ ದೊಡ್ಡದಾಗಬೇಕು. ಅಕ್ಷರ ಮತ್ತು ಹಿನ್ನೆಲೆಯ ಬಣ್ಣದ ವ್ಯತ್ಯಾಸವನ್ನೂ ಆಗಲೇ ನೋಡಿ. ವೆಬ್‌ಸೈಟ್‌ಗಳಿಗೆ ಅನ್ವಯವಾಗುವ ಡಬ್ಲ್ಯುಸಿಎಜಿ ಮಾರ್ಗಸೂಚಿ ಸಾಮಾನ್ಯ ಅಳತೆಯ ಅಕ್ಷರಕ್ಕೆ ಕನಿಷ್ಠ 4.5:1 ಕಾಂಟ್ರಾಸ್ಟ್ ಕೇಳುತ್ತದೆ. ಗೋಡೆ ಮೇಲಿನ ಸ್ಕ್ರೀನಿಗೂ ನಾನು ಅದಕ್ಕಿಂತ ಕಡಿಮೆ ಒಪ್ಪುವುದಿಲ್ಲ.

ಇಲ್ಲೇ 4ಕೆ ಪ್ರಶ್ನೆಯೂ ಬಗೆಹರಿಯುತ್ತದೆ. 55 ಇಂಚಿನ ಫುಲ್ ಎಚ್‌ಡಿ ಸ್ಕ್ರೀನಿನಲ್ಲಿ ಒಂದು ಪಿಕ್ಸೆಲ್ ಸುಮಾರು 0.63 ಮಿಲಿಮೀಟರ್. ಒಳ್ಳೆ ದೃಷ್ಟಿ ಇರುವವರಿಗೂ 3 ಮೀಟರ್ ದೂರದಿಂದ ಅಷ್ಟು ಸಣ್ಣದು ಬೇರೆಯಾಗಿ ಕಾಣುವುದಿಲ್ಲ. ಕಾಯುವ ಹಾಲ್‌ಗೆ 4ಕೆ ಅಂತ ಜಾಸ್ತಿ ದುಡ್ಡು ಕೊಡುವ ಅಗತ್ಯ ಇಲ್ಲ. ಹತ್ತಿರ ನಿಂತು ಬೆರಳಿನಲ್ಲಿ ಮುಟ್ಟಿ ನೋಡುವ ನಕ್ಷೆಗೆ ಮಾತ್ರ ಅದು ಬೇಕು.

ಬದಲಾಯಿಸುವವರು ಯಾರು

ಈ ಬರಹದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಸೈನೇಜ್ ಕೆಲಸ ಸಾಮಾನ್ಯವಾಗಿ ಐಟಿ ವಿಭಾಗದ ಕೈಗೆ ಹೋಗುತ್ತದೆ. ಅವರಿಗೆ ನೆಟ್‌ವರ್ಕ್ ಗೊತ್ತು, ಸರ್ವರ್ ಗೊತ್ತು. ಆದರೆ ಇಂದು ಯಾವ ಡಾಕ್ಟರ್ ರಜೆ, ಯಾವ ಕ್ಲಾಸಿನ ಕೊಠಡಿ ಬದಲಾಗಿದೆ ಅನ್ನುವುದು ಗೊತ್ತಿರುವುದು ರಿಸೆಪ್ಷನ್‌ನಲ್ಲಿ ಕೂತವರಿಗೆ, ಆಫೀಸಿನ ಗುಮಾಸ್ತರಿಗೆ, ಶಿಫ್ಟ್ ಸೂಪರ್‌ವೈಸರ್‌ಗೆ. ವಿಷಯ ಯಾರಿಗೆ ಮೊದಲು ಗೊತ್ತಾಗುತ್ತದೋ ಅವರ ಕೈಯಲ್ಲೇ ಬದಲಾಯಿಸುವ ಅಧಿಕಾರ ಇರಬೇಕು. ಅವರು ಐಟಿಗೆ ಇಮೇಲ್ ಹಾಕಿ, ಐಟಿಯವರು ಬಿಡುವಾದಾಗ ಬದಲಾಯಿಸುವ ಪದ್ಧತಿ ಮೊದಲ ತಿಂಗಳು ನಡೆಯುತ್ತದೆ, ಆಮೇಲೆ ನಿಂತುಹೋಗುತ್ತದೆ.

ಆದ್ದರಿಂದ ಡೆಮೊ ಮಾಡಲು ಬಂದವರ ಮುಂದೆ ನಾನು ಕೂರುವುದಿಲ್ಲ, ರಿಸೆಪ್ಷನ್‌ನವರನ್ನು ಕೂರಿಸುತ್ತೇನೆ. ಅವರಿಗೆ ಕೊಡುವುದು ಒಂದೇ ಕೆಲಸ: "ಇಂದು ಕಣ್ಣಿನ ವಿಭಾಗಕ್ಕೆ ರಜೆ" ಅನ್ನುವ ಸೂಚನೆಯನ್ನು ಎರಡನೇ ಮಹಡಿಯ ಸ್ಕ್ರೀನಿಗೆ ಮಾತ್ರ ಹಾಕಿ, ಸಂಜೆ 5 ಗಂಟೆಗೆ ತಾನೇ ಹೋಗುವ ಹಾಗೆ ಮಾಡಿ. ಡೆಮೊ ಕೊಡುವವರು ಪಕ್ಕದಲ್ಲಿ ಸುಮ್ನೆ ನಿಂತಿರಬೇಕು, ಬಾಯಿ ಬಿಡುವ ಹಾಗಿಲ್ಲ. ಐದು ನಿಮಿಷದಲ್ಲಿ ಆಗದಿದ್ದರೆ ಆ ಸಾಫ್ಟ್‌ವೇರ್ ಎಷ್ಟೇ ಹೆಸರುವಾಸಿಯಾಗಿದ್ದರೂ ನಿಮ್ಮ ಕಟ್ಟಡಕ್ಕೆ ಸರಿಹೋಗುವುದಿಲ್ಲ. ಇದೇ ಕೆಲಸವನ್ನು ಫೋನಿನಿಂದಲೂ ಮಾಡಿಸಿ ನೋಡಿ.

ಈ ಒಂದು ಪರೀಕ್ಷೆಯಲ್ಲಿ ಬಹಳಷ್ಟು ಗೊತ್ತಾಗುತ್ತದೆ. ಟೆಂಪ್ಲೇಟ್ ಇದೆಯಾ? ಅಂದರೆ ಲೋಗೊ, ಬಣ್ಣ, ಅಕ್ಷರದ ಅಳತೆ ಎಲ್ಲ ಬೀಗ ಹಾಕಿದ ಹಾಗೆ ಇದ್ದು, ಬರೆಯಬೇಕಾದ ಎರಡು ಸಾಲು ಮಾತ್ರ ತೆರೆದಿರಬೇಕು. ಸ್ಕ್ರೀನ್‌ಗಳನ್ನು ಗುಂಪು ಮಾಡಿ, ಯಾರು ಯಾವ ಗುಂಪನ್ನು ಮುಟ್ಟಬಹುದು ಅಂತ ನಿಗದಿ ಮಾಡಲು ಬರುತ್ತದಾ? ಪ್ರತಿ ಸೂಚನೆಗೂ ಕೊನೆಯ ದಿನಾಂಕ ಹಾಕಲು ಆಗುತ್ತದಾ? ನನ್ನ ಮಟ್ಟಿಗೆ ಈ ಕೊನೆಯದು ಎಲ್ಲಕ್ಕಿಂತ ಮುಖ್ಯ. ಕೊನೆಯ ದಿನಾಂಕ ಇಲ್ಲದ ಯಾವ ಸೂಚನೆಯೂ ಸ್ಕ್ರೀನಿಗೆ ಹೋಗದ ಹಾಗೆ ನಿಯಮ ಮಾಡಿಕೊಂಡರೆ, ಹಳೆ ಆಹ್ವಾನ ಓಡುವ ಪ್ರಶ್ನೆಯೇ ಬರುವುದಿಲ್ಲ. ಒಪ್ಪಿಗೆ ಕೊಡುವವರು ಬೇಕಿದ್ದರೆ ಒಬ್ಬರೇ ಇರಲಿ. ಮೂವರ ಸಹಿ ಬೇಕಾದ ಸೂಚನೆ ಸ್ಕ್ರೀನಿಗೆ ಬರುವಾಗ ಅದರ ಕೆಲಸ ಮುಗಿದಿರುತ್ತದೆ. ಮುಖ್ಯ ವ್ಯಕ್ತಿ ರಜೆ ಹೋದಾಗ ನೋಡಿಕೊಳ್ಳಲು ಇನ್ನೊಬ್ಬರ ಹೆಸರನ್ನೂ ಈಗಲೇ ಬರೆದಿಡಿ.

ತಾನಾಗಿ ಬರುವ ಮಾಹಿತಿ ಎಷ್ಟು ಜಾಸ್ತಿ ಇದ್ದರೆ ಅಷ್ಟು ಒಳ್ಳೆಯದು. ಮೀಟಿಂಗ್ ರೂಮಿನ ಕ್ಯಾಲೆಂಡರ್, ತರಗತಿ ವೇಳಾಪಟ್ಟಿಯ ಸ್ಪ್ರೆಡ್‌ಶೀಟ್, ಉತ್ಪಾದನೆಯ ಲೆಕ್ಕ ಇವನ್ನೆಲ್ಲ ನೇರವಾಗಿ ಸ್ಕ್ರೀನಿಗೆ ಜೋಡಿಸಬಹುದು. ಆದರೆ ಒಂದು ಮಾತು ಕೇಳಲೇಬೇಕು: ಆ ಸಂಪರ್ಕ ಕಡಿದರೆ ಸ್ಕ್ರೀನಿನಲ್ಲಿ ಏನು ಕಾಣುತ್ತದೆ? ಹಲವು ಕಡೆ ಕೊನೆಗೆ ಬಂದ ಅಂಕಿಯೇ ಹಾಗೇ ನಿಂತಿರುತ್ತದೆ. ಕಾರ್ಖಾನೆಯ ಸುರಕ್ಷತಾ ಫಲಕದಲ್ಲಿ ನಿನ್ನೆಯ ಅಂಕಿ ಇಂದಿನದು ಅಂತ ಕಾಣುವುದು ತಮಾಷೆಯ ಮಾತಲ್ಲ. ಮಾಹಿತಿ ಬಂದ ಸಮಯ ಮೂಲೆಯಲ್ಲಿ ಕಾಣಬೇಕು, ಇಷ್ಟು ಹೊತ್ತಿಗಿಂತ ಹಳೆಯದಾದರೆ ಆ ಭಾಗ ತಾನೇ ಮರೆಯಾಗಬೇಕು. ಇದನ್ನು ಬಾಯಿಮಾತಿಗೆ ಬಿಡದೆ ಒಪ್ಪಂದದಲ್ಲೇ ಬರೆಸಿ.

ಸಾಫ್ಟ್‌ವೇರ್

ಎಲ್ಲ ಸ್ಕ್ರೀನ್‌ಗಳಿಗೂ ವಿಷಯ ಕಳಿಸುವ ಸಾಫ್ಟ್‌ವೇರನ್ನು ಸಿಎಂಎಸ್ ಅನ್ನುತ್ತಾರೆ. ಅದು ಕಂಪನಿಯ ಕ್ಲೌಡ್‌ನಲ್ಲಿರಬಹುದು, ನಿಮ್ಮದೇ ಸರ್ವರಿನಲ್ಲೂ ಇರಬಹುದು. ಸರ್ವರ್ ನೋಡಿಕೊಳ್ಳಲು ಜನ ಇಲ್ಲದಿದ್ದರೆ ಕ್ಲೌಡ್ ತಗೊಳ್ಳಿ. ಒಳಗಿನ ಮಾಹಿತಿ ಹೊರಗೆ ಹೋಗಬಾರದು ಅನ್ನುವ ನಿಯಮ ಇದ್ದರೆ ಸ್ವಂತ ಸರ್ವರ್. ಕ್ಲೌಡ್‌ಗೆ ಸಾಮಾನ್ಯವಾಗಿ ಪ್ರತಿ ಸ್ಕ್ರೀನಿಗೆ ತಿಂಗಳ ಲೆಕ್ಕದಲ್ಲಿ ಹಣ ಕೊಡಬೇಕು. ಐದು ವರ್ಷದ ಮೊತ್ತವನ್ನು ಒಟ್ಟು ಮಾಡಿ ನೋಡಿ. ಎಷ್ಟೋ ಸಲ ಅದು ಸ್ಕ್ರೀನಿನ ಬೆಲೆಯನ್ನೂ ಮೀರುತ್ತದೆ.

ತೆರೆದ ಮೂಲದ (ಓಪನ್ ಸೋರ್ಸ್) ಸಾಫ್ಟ್‌ವೇರ್‌ಗಳೂ ಇವೆ. ಕ್ಸಿಬೊ ಅಂಥದ್ದು. ಅದರ ಸಿಎಂಎಸ್ ಅನ್ನು ನಮ್ಮ ಸರ್ವರಿನಲ್ಲೇ ಹಾಕಿಕೊಳ್ಳಬಹುದು. ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ಓಡುವ ಅದರ ಪ್ಲೇಯರ್ ಆ್ಯಪ್‌ಗಳು ಉಚಿತ, ಆಂಡ್ರಾಯ್ಡ್‌ನಲ್ಲಿ ಮತ್ತು ಸ್ಕ್ರೀನಿನ ಒಳಗೇ ಬರುವ ಟೈಜನ್, ವೆಬ್‌ಒಎಸ್‌ನಲ್ಲಿ ಓಡುವ ಆ್ಯಪ್‌ಗಳಿಗೆ ಲೈಸೆನ್ಸ್ ಬೇಕು. ಅಂಥಿಯಾಸ್ ಅಂತ ಇನ್ನೊಂದಿದೆ, ಮೊದಲು ಅದರ ಹೆಸರು ಸ್ಕ್ರೀನ್ಲಿ ಒಎಸ್‌ಇ. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೆ ಚೆನ್ನಾಗಿ ಓಡುತ್ತದೆ. ಒಂದೆರಡು ಸ್ಕ್ರೀನಿಗೆ ಸಾಕು. ಪ್ರತಿ ಸಾಧನವನ್ನೂ ಬೇರೆ ಬೇರೆಯಾಗಿ ನೋಡಿಕೊಳ್ಳಬೇಕಾದ್ದರಿಂದ ದೊಡ್ಡ ಕಟ್ಟಡಕ್ಕೆ ಕಷ್ಟ.

ಯಾವುದನ್ನೇ ಆರಿಸಿ, ಇಂಟರ್ನೆಟ್ ಹೋದಾಗಲೂ ಸ್ಕ್ರೀನ್ ಓಡುತ್ತಿರಬೇಕು. ಅಂದರೆ ಫೈಲುಗಳು ಪ್ಲೇಯರಿನ ಒಳಗೇ ಇಳಿದಿರಬೇಕು. 8 ಮೆಗಾಬಿಟ್ ವೇಗದ ಫುಲ್ ಎಚ್‌ಡಿ ವಿಡಿಯೊ ಒಂದು ನಿಮಿಷಕ್ಕೆ 60 ಮೆಗಾಬೈಟ್ ಆಗುತ್ತದೆ. ಅದೇ ವಿಡಿಯೊವನ್ನು 20 ಸ್ಕ್ರೀನ್‌ಗಳು ದಿನವಿಡೀ ಇಂಟರ್ನೆಟ್‌ನಿಂದ ಎಳೆಯುತ್ತಾ ಕೂತರೆ ಆಫೀಸಿನ ಉಳಿದ ಕೆಲಸ ನಿಲ್ಲುತ್ತದೆ. ಒಮ್ಮೆ ಇಳಿಸಿಕೊಂಡು ನೂರು ಸಲ ಓಡಿಸುವುದೇ ಸರಿ. ಇನ್ನೊಂದು, ಸ್ಕ್ರೀನಿನಲ್ಲಿ ಈ ಕ್ಷಣ ಏನು ಕಾಣುತ್ತಿದೆ ಅನ್ನುವ ಸ್ಕ್ರೀನ್‌ಶಾಟ್ ನನಗೆ ಕೂತಲ್ಲೇ ಸಿಗಬೇಕು. ಪ್ಲೇಯರ್ ಸಂಪರ್ಕ ತಪ್ಪಿದರೆ ಮೆಸೇಜ್ ಬರಬೇಕು. ಐದನೇ ಮಹಡಿಯ ಸ್ಕ್ರೀನ್ ಕೆಟ್ಟಿದೆ ಅಂತ ನನಗೆ ಮೊದಲು ಹೇಳುವವರು ಅಲ್ಲಿಗೆ ಬಂದ ರೋಗಿಯ ಮನೆಯವರು ಆಗಬಾರದು.

ಎರಡು ಹಂತದ ಲಾಗಿನ್, ಯಾರು ಯಾವಾಗ ಏನು ಬದಲಾಯಿಸಿದರು ಅನ್ನುವ ದಾಖಲೆ, ಇವೆರಡೂ ಬೇಕು. ಕಂಪನಿ ಕೊಟ್ಟ ಮೊದಲ ಪಾಸ್‌ವರ್ಡನ್ನು ಅವತ್ತೇ ಬದಲಾಯಿಸಿ.

ಪ್ಲೇಯರ್

ಸ್ಕ್ರೀನಿಗೆ ಚಿತ್ರ ಕೊಡುವ ಯಂತ್ರವೇ ಪ್ಲೇಯರ್. ಸ್ಯಾಮ್‌ಸಂಗ್‌ನ ಟೈಜನ್, ಎಲ್‌ಜಿಯ ವೆಬ್‌ಒಎಸ್ ಇರುವ ಕಮರ್ಷಿಯಲ್ ಸ್ಕ್ರೀನ್‌ಗಳಲ್ಲಿ ಅದು ಒಳಗೇ ಇರುತ್ತದೆ. ಬೇರೆ ಡಬ್ಬಿ ಇಲ್ಲ, ವೈರ್ ಕಡಿಮೆ, ಕೆಡುವ ಜಾಗವೂ ಕಡಿಮೆ. ಸರಳವಾದ ಸೂಚನೆ, ಫೋಟೊ, ವಿಡಿಯೊಗೆ ಇದು ಸಾಕು. ತೊಂದರೆ ಬರುವುದು ವರ್ಷಗಳಾದ ಮೇಲೆ. ಪ್ಯಾನೆಲ್ ಇನ್ನೂ ಚೆನ್ನಾಗಿರುತ್ತದೆ, ಒಳಗಿನ ಚಿಪ್ ಹಳೆಯದಾಗಿ ಹೊಸ ಆ್ಯಪ್ ಓಡುವುದಿಲ್ಲ. ಹೊರಗಿನ ಪ್ಲೇಯರ್ ಆದರೆ ಡಬ್ಬಿ ಮಾತ್ರ ಬದಲಾಯಿಸಿದರೆ ಮುಗಿಯಿತು. ಟೋಕನ್, ವೇಳಾಪಟ್ಟಿಯಂಥ ನಿಲ್ಲಬಾರದ ಕೆಲಸಕ್ಕೆ ನಾನು ಹೊರಗಿನ ಪ್ಲೇಯರನ್ನೇ ಹೇಳುತ್ತೇನೆ. ಬ್ರೈಟ್‌ಸೈನ್‌ನಂಥವು ಸೈನೇಜ್‌ಗೆಂದೇ ಮಾಡಿದ ಪ್ಲೇಯರ್‌ಗಳು, ಅವುಗಳ ಆಪರೇಟಿಂಗ್ ಸಿಸ್ಟಂ ಕೂಡ ಅದಕ್ಕೆಂದೇ ಮಾಡಿದ್ದು.

ವಿಂಡೋಸ್ ಮಿನಿ ಪಿಸಿಯಲ್ಲಿ ಏನು ಬೇಕಾದರೂ ಓಡಿಸಬಹುದು. ಆದರೆ ಅಪ್‌ಡೇಟ್ ಕಿಟಕಿಗಳು ಸ್ಕ್ರೀನ್ ಮೇಲೆ ಬರದ ಹಾಗೆ ಕಿಯಾಸ್ಕ್ ಮೋಡ್‌ನಲ್ಲಿ (ಒಂದೇ ಆ್ಯಪ್ ಓಡುವ ಹಾಗೆ ಬೀಗ ಹಾಕಿ) ಕಟ್ಟುನಿಟ್ಟಾಗಿ ಹೊಂದಿಸಬೇಕು. ಸಾಮಾನ್ಯ ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅದನ್ನು ಹಾಕಿದ ಪಿಸಿ ಯಾರಾದರೂ ಕೊಡಲು ಬಂದರೆ ಬೇಡ ಅನ್ನಿ. ರಾಸ್ಪ್‌ಬೆರಿ ಪೈ ಅಗ್ಗ ಮತ್ತು ಗಟ್ಟಿ, ಆದರೆ ಎಸ್‌ಡಿ ಕಾರ್ಡ್ ಅದರ ದುರ್ಬಲ ಜಾಗ. ಕರೆಂಟ್ ಹಠಾತ್ತನೆ ಹೋದಾಗ ಕಾರ್ಡ್ ಕೆಡುತ್ತದೆ. ಎಸ್‌ಎಸ್‌ಡಿ ಹಾಕಿ.

ಕೊಳ್ಳುವ ಮೊದಲು ಯಾವ ಪ್ಲೇಯರಿಗಾದರೂ ನಾನು ಎರಡು ಪರೀಕ್ಷೆ ಮಾಡುತ್ತೇನೆ. ಮೊದಲನೆಯದು, ವಿಡಿಯೊ ಓಡುತ್ತಿರುವಾಗಲೇ ಪ್ಲಗ್ ಕೀಳುವುದು. ಮತ್ತೆ ಹಾಕಿದಾಗ ಕೀಬೋರ್ಡ್, ರಿಮೋಟ್ ಏನನ್ನೂ ಮುಟ್ಟದೆ ಅದು ತಾನೇ ಎದ್ದು ಅದೇ ವಿಷಯ ತೋರಿಸಬೇಕು. ನೆಟ್‌ವರ್ಕ್ ಕೇಬಲ್ ಕಿತ್ತಿಟ್ಟು ಮತ್ತೊಮ್ಮೆ ಮಾಡಿ. ಇದನ್ನು ಒಂದೇ ಸಲ ಮಾಡಿ ಬಿಡಬೇಡಿ, ಹಲವು ಸಲ ಮಾಡಿ.

ಎರಡನೆಯದು ಕನ್ನಡ. ಡೆಮೊ ಯಾವಾಗಲೂ ಇಂಗ್ಲಿಷ್‌ನಲ್ಲಿರುತ್ತದೆ, ಕನ್ನಡದ ಬಗ್ಗೆ ಕೇಳಿದರೆ "ಯುನಿಕೋಡ್ ಇದೆ ಸಾರ್, ಎಲ್ಲ ಬರುತ್ತೆ" ಅನ್ನುತ್ತಾರೆ. ಯುನಿಕೋಡ್ ಇದ್ದ ಮಾತ್ರಕ್ಕೆ ಒತ್ತಕ್ಷರ ಸರಿಯಾಗಿ ಕೂಡುವುದಿಲ್ಲ. ಅಕ್ಷರ ಜೋಡಿಸುವ ತಂತ್ರಾಂಶ ಮತ್ತು ಫಾಂಟ್ ಎರಡೂ ಪ್ಲೇಯರಿನಲ್ಲಿ ಸರಿ ಇರಬೇಕು. ಒಂದು ಚೀಟಿಯಲ್ಲಿ ಸ್ತ್ರೀ, ರಾಷ್ಟ್ರೀಯ, ಕಾರ್ಯಕ್ರಮ, ಶಸ್ತ್ರಚಿಕಿತ್ಸೆ, ರ‍್ಯಾಂಕ್ ಅಂತ ಬರೆದುಕೊಂಡು ಹೋಗಿ, ಸಿಎಂಎಸ್‌ನಲ್ಲೇ ಟೈಪ್ ಮಾಡಿಸಿ. ಕಂಪ್ಯೂಟರಿನ ಪ್ರಿವ್ಯೂ ನಂಬಬೇಡಿ, ಗೋಡೆ ಮೇಲಿನ ಸ್ಕ್ರೀನಿನಲ್ಲೇ ನೋಡಿ. ಕೆಳಗೆ ಓಡುವ ಸಾಲಿನಲ್ಲೂ ಹಾಕಿ ನೋಡಿ, ಅಲ್ಲಿ ಒತ್ತು ಕತ್ತರಿಸಿಹೋಗುವುದು ಜಾಸ್ತಿ. ಕೆಲವು ಸಲ ನೋಟೊ ಸಾನ್ಸ್ ಕನ್ನಡದಂಥ ಫಾಂಟ್ ಸೇರಿಸಿದರೆ ಸರಿಹೋಗುತ್ತದೆ. "ಕನ್ನಡವನ್ನು ಚಿತ್ರ ಮಾಡಿ ಹಾಕಿ" ಅನ್ನುವ ಸಲಹೆ ಬಂದರೆ ಒಪ್ಪಬೇಡಿ. ಚಿತ್ರ ಮಾಡಬೇಕಾದರೆ ರಿಸೆಪ್ಷನ್‌ನವರು ಐದು ನಿಮಿಷದಲ್ಲಿ ಸೂಚನೆ ಬದಲಾಯಿಸುವ ಮಾತು ಅಲ್ಲಿಗೇ ಮುಗಿಯಿತು. ಆಮೇಲೆ ಏನಾಗುತ್ತದೆ ಗೊತ್ತಲ್ಲ, ಸೂಚನೆಗಳೆಲ್ಲ ಇಂಗ್ಲಿಷ್‌ನಲ್ಲೇ ಬರತೊಡಗುತ್ತವೆ. ಕನ್ನಡ ಮಾತ್ರ ಓದಲು ಬರುವವರು ಅದೇ ಸ್ಕ್ರೀನಿನ ಕೆಳಗೆ ನಿಂತು ಪಕ್ಕದವರನ್ನು ಕೇಳಬೇಕಾಗುತ್ತದೆ. ಇದು ನನಗೆ ಸಹಿಸಲು ಆಗದ ವಿಷಯ.

ಈಗ ಸ್ಕ್ರೀನ್

ಮನೆ ಟಿವಿ ಹಾಕಬಹುದಾ? ದಿನಕ್ಕೆ ಕೆಲವು ಗಂಟೆ ಮಾತ್ರ ಓಡುವ, ಬಿಸಿಲು ಬೀಳದ ಸಣ್ಣ ಕೋಣೆಗೆ ಹಾಕಬಹುದು. ಉಳಿದ ಕಡೆ ಬೇಡ. ಟಿವಿಗಳು ಕೆಲವು ಗಂಟೆ ರಿಮೋಟ್ ಮುಟ್ಟದಿದ್ದರೆ ತಾವೇ ಆಫ್ ಆಗುತ್ತವೆ, ನಡುವೆ ಅಪ್‌ಡೇಟ್ ಕೇಳುತ್ತವೆ. ಯಾರದೋ ರಿಮೋಟಿನಿಂದ ಚಾನೆಲ್ ಬದಲಾಗುತ್ತದೆ. ಉದ್ದುದ್ದ ನಿಲ್ಲಿಸಿದರೆ ಶಾಖ ಹೊರಗೆ ಹೋಗುವ ದಾರಿ ಬದಲಾಗುತ್ತದೆ, ಅವು ಅದಕ್ಕೆ ಮಾಡಿದ್ದಲ್ಲ. ವ್ಯಾಪಾರದ ಜಾಗದಲ್ಲಿ ಹಾಕಿದರೆ ಮನೆ ಟಿವಿಯ ವಾರಂಟಿ ಸಾಮಾನ್ಯವಾಗಿ ನಡೆಯುವುದಿಲ್ಲ, ವಾರಂಟಿ ಕಾರ್ಡಿನ ಸಣ್ಣ ಅಕ್ಷರ ಓದಿ.

ಕಮರ್ಷಿಯಲ್ ಸ್ಕ್ರೀನಿನ ವಿವರಪಟ್ಟಿಯಲ್ಲಿ 16/7 ಅಥವಾ 24/7 ಅಂತ ಬರೆದಿರುತ್ತದೆ. ದಿನಕ್ಕೆ 16 ಗಂಟೆ ಓಡಲು ಮಾಡಿದ್ದು, ಹಗಲು ರಾತ್ರಿ ಓಡಲು ಮಾಡಿದ್ದು ಅಂತ ಅರ್ಥ. ತುರ್ತು ಚಿಕಿತ್ಸೆ, ಮೂರು ಶಿಫ್ಟಿನ ಕಾರ್ಖಾನೆಗೆ 24/7 ಬೇಕು. ಕಾಲೇಜಿಗೆ 16/7 ಸಾಕು. ಉದ್ದುದ್ದ ನಿಲ್ಲಿಸುವುದಾದರೆ ಪೋರ್ಟ್ರೇಟ್‌ಗೆ ಒಪ್ಪಿಗೆ ಇದೆಯಾ ಅಂತ ಅದೇ ಪಟ್ಟಿಯಲ್ಲಿ ನೋಡಿ.

ಬೆಳಕಿನ ಅಳತೆ ನಿಟ್ಸ್. ಸಾಮಾನ್ಯ ಟಿವಿ 250ರಿಂದ 350 ನಿಟ್ಸ್ ಆಸುಪಾಸು. ಒಳಗಿನ ಕಾರಿಡಾರಿಗೆ 350ರಿಂದ 500 ಸಾಕು. ದೊಡ್ಡ ಗಾಜಿನ ಲಾಬಿಗೆ 700 ಬೇಕಾಗುತ್ತದೆ. ಕಿಟಕಿಯಿಂದ ಹೊರಗೆ ಮುಖ ಮಾಡಿದ ಸ್ಕ್ರೀನಿಗೆ 2,000ದಿಂದ ಮೇಲೆ. ನೇರ ಬಿಸಿಲು ಬಿದ್ದರೆ ಸಾಮಾನ್ಯ ಎಲ್‌ಸಿಡಿಯಲ್ಲಿ ಕಪ್ಪು ಮಚ್ಚೆ ಕಾಣಿಸಿಕೊಳ್ಳುತ್ತದೆ. ಶಾಖ ಒಂದು ಮಿತಿ ದಾಟಿದಾಗ ಒಳಗಿನ ದ್ರವ ಹರಳು ತನ್ನ ಗುಣ ಕಳೆದುಕೊಳ್ಳುವುದರಿಂದ ಹೀಗಾಗುತ್ತದೆ. ಇಂಥ ಜಾಗಕ್ಕೆಂದೇ ಜಾಸ್ತಿ ಶಾಖ ತಡೆಯುವ ಪ್ಯಾನೆಲ್‌ಗಳಿವೆ. ಎಷ್ಟೋ ಸಲ ಸ್ಕ್ರೀನನ್ನು ಪಕ್ಕದ ಗೋಡೆಗೆ ಸರಿಸಿದರೆ ಅದರ ಖರ್ಚೇ ಉಳಿಯುತ್ತದೆ. ಕಿಟಕಿ ಎದುರಿನ ಗೋಡೆಯಾದರೆ ನಿಟ್ಸ್ ಜೊತೆ ಹೇಜ್ ಅನ್ನುವ ಅಂಕಿಯನ್ನೂ ನೋಡಿ. ಅದು ಜಾಸ್ತಿ ಇದ್ದಷ್ಟೂ ಪ್ರತಿಬಿಂಬ ಕಡಿಮೆ.

ಓಎಲ್‌ಇಡಿ ನೋಡಲು ಸೊಗಸು, ಆದರೆ ಒಂದೇ ಜಾಗದಲ್ಲಿ ಲೋಗೊ, ಪಟ್ಟಿ ನಿಂತಿದ್ದರೆ ಅದರ ಗುರುತು ಉಳಿದುಬಿಡುತ್ತದೆ. ಸೂಚನಾ ಫಲಕಕ್ಕೆ ಬೇಡ. ಎಲ್‌ಇಡಿ ವಾಲ್ ಹಾಕುವವರು ಪಿಕ್ಸೆಲ್ ಪಿಚ್, ಅಂದರೆ ಪಿಕ್ಸೆಲ್‌ಗಳ ನಡುವಿನ ಅಂತರ ನೋಡಬೇಕು. 2.5 ಮಿಲಿಮೀಟರ್ ಪಿಚ್ ಆದರೆ ಹತ್ತಿರದ ನೋಡುಗ ಕನಿಷ್ಠ 2.5 ಮೀಟರ್ ದೂರ ಇರಬೇಕು ಅನ್ನುವುದು ಒರಟು ಲೆಕ್ಕ.

ಕರೆಂಟಿನ ಲೆಕ್ಕವನ್ನೂ ಮುಂಚೆಯೇ ಹಾಕಿ. 120 ವ್ಯಾಟಿನ ಹತ್ತು ಸ್ಕ್ರೀನ್ ದಿನಕ್ಕೆ 16 ಗಂಟೆ ಓಡಿದರೆ ವರ್ಷಕ್ಕೆ ಸುಮಾರು 7,000 ಯೂನಿಟ್. ರಾತ್ರಿ ತಾನೇ ಆಫ್ ಆಗುವ ವೇಳಾಪಟ್ಟಿ ಸಾಫ್ಟ್‌ವೇರಿನಿಂದಲೇ ನಡೆಯಬೇಕು. ಅದಕ್ಕೆ ಸ್ಕ್ರೀನಿನಲ್ಲಿ ನೆಟ್‌ವರ್ಕ್ ಅಥವಾ ಆರ್‌ಎಸ್-232 (ಸೀರಿಯಲ್ ಕೇಬಲ್) ನಿಯಂತ್ರಣ ಇರಲಿ.

ಗೋಡೆ ಮತ್ತು ವೈರು

ಸ್ಕ್ರೀನಿನ ಹಿಂದೆಯೇ ಪ್ಲಗ್ ಪಾಯಿಂಟ್, ಎರಡು ಕ್ಯಾಟ್6 ನೆಟ್‌ವರ್ಕ್ ಕೇಬಲ್ ಹಾಕಿಸಿ. ಒಂದು ಸಾಕು ಅನ್ನುತ್ತಾರೆ, ಎರಡು ಹಾಕಿಸಿ, ಗೋಡೆ ಮತ್ತೆ ಒಡೆಯುವುದು ತಪ್ಪುತ್ತದೆ. ವೈಫೈ ನಂಬಬೇಡಿ, ಅದರಲ್ಲೂ ಲಾಗಿನ್ ಪುಟ ಬರುವ ಅತಿಥಿ ವೈಫೈಗೆ ಪ್ಲೇಯರ್ ಸೇರುವುದೇ ಇಲ್ಲ. ಸೈನೇಜ್‌ಗೆ ಬೇರೆ ವಿಎಲ್ಎಎನ್ (ಅದೇ ನೆಟ್‌ವರ್ಕ್ ಒಳಗೆ ಪ್ರತ್ಯೇಕ ಭಾಗ) ಮಾಡಿಸಿ. ಸಮಯ ಹೊಂದಿಸುವ ಎನ್‌ಟಿಪಿ ಸರ್ವರ್ ಪ್ಲೇಯರಿಗೆ ಸಿಗುತ್ತಿದೆಯಾ ನೋಡಿ, ಗಡಿಯಾರ ತಪ್ಪಿದರೆ ವೇಳಾಪಟ್ಟಿಯೂ ತಪ್ಪುತ್ತದೆ. ಈಥರ್ನೆಟ್ ಕೇಬಲಿನ ಮಿತಿ 100 ಮೀಟರ್. ಎಚ್‌ಡಿಎಂಐ ಕೇಬಲ್ ಅಷ್ಟು ದೂರ ಹೋಗುವುದಿಲ್ಲ, ಆದ್ದರಿಂದ ಪ್ಲೇಯರ್ ಸ್ಕ್ರೀನಿನ ಹಿಂದೆಯೇ ಇರಲಿ, ಇಲ್ಲವೇ ನೆಟ್‌ವರ್ಕ್ ಕೇಬಲಿನಲ್ಲೇ ಚಿತ್ರವನ್ನು ದೂರಕ್ಕೆ ಕಳಿಸುವ ಎಚ್‌ಡಿಬೇಸ್‌ಟಿ ಬಳಸಿ.

ಜಿಪ್ಸಮ್ ಗೋಡೆಯಾದರೆ ಹಿಂದೆ ಪ್ಲೈವುಡ್ ಅಥವಾ ಉಕ್ಕಿನ ಆಧಾರ ಕೊಡಲೇಬೇಕು. ಗೋಡೆಯೊಳಗೆ ಗೂಡು ಮಾಡಿ ಕೂರಿಸುವುದಾದರೆ ಗಾಳಿ ಆಡಲು ಜಾಗ ಬಿಡಿ, ಹೆಚ್ಚಿನ ಪ್ಯಾನೆಲ್‌ಗಳ ಮಿತಿ 40 ಡಿಗ್ರಿ ಸೆಲ್ಸಿಯಸ್. ತುರ್ತು ದಾರಿಯ ಫಲಕ, ಅಗ್ನಿಶಾಮಕ ಪೆಟ್ಟಿಗೆ, ಸ್ಪ್ರಿಂಕ್ಲರ್ ಯಾವುದಕ್ಕೂ ಸ್ಕ್ರೀನ್ ಅಡ್ಡ ಬರಬಾರದು.

ತುರ್ತು ಹೊತ್ತಿನಲ್ಲಿ ಎಲ್ಲ ಸ್ಕ್ರೀನಿಗೂ ಒಂದೇ ಸಂದೇಶ ಹೋಗುವ ವ್ಯವಸ್ಥೆ ಇದ್ದರೆ ತುಂಬಾ ಒಳ್ಳೆಯದು. ಫೈರ್ ಅಲಾರಂ ಪ್ಯಾನೆಲಿನ ಕಾಂಟ್ಯಾಕ್ಟ್‌ನಿಂದ ಅದನ್ನು ಚಾಲೂ ಮಾಡಿಸಬಹುದು. ಎಚ್ಚರಿಕೆ ಸಂದೇಶಗಳಿಗೆ ಕ್ಯಾಪ್ (ಕಾಮನ್ ಅಲರ್ಟಿಂಗ್ ಪ್ರೋಟೋಕಾಲ್) ಅನ್ನುವ ಅಂತರರಾಷ್ಟ್ರೀಯ ಮಾದರಿ ಇದೆ. ಅದರ 1.2 ಆವೃತ್ತಿ 2010ರಲ್ಲಿ ಬಂತು, ಹಲವು ಸಿಎಂಎಸ್‌ಗಳು ಅದನ್ನು ಓದುತ್ತವೆ. ಆದರೆ ಸ್ಕ್ರೀನ್ ಇದೆ ಅಂತ ಅಲಾರಂ, ದಾರಿ ಫಲಕಗಳಲ್ಲಿ ಏನನ್ನೂ ಕಡಿಮೆ ಮಾಡಬೇಡಿ. ಬೆಂಕಿ ಬಿದ್ದಾಗ ಮೊದಲು ಹೋಗುವುದು ಕರೆಂಟ್. ಕೆಂಪು ಬಣ್ಣ ಮಿನುಗಿಸುವ ಆಸೆ ಇದ್ದರೆ ಸೆಕೆಂಡಿಗೆ ಮೂರು ಸಲಕ್ಕಿಂತ ಜಾಸ್ತಿ ಬೇಡ, ಕೆಲವರಿಗೆ ಅದರಿಂದ ಫಿಟ್ಸ್ ಬರಬಹುದು.

ಎಲ್ಲ ಒಟ್ಟಿಗೆ ಕೊಳ್ಳುವ ಮೊದಲು

ಮೊದಲು ಎರಡೇ ಸ್ಕ್ರೀನ್ ಹಾಕಿಸಿ. ಒಂದು ಜನ ಅತಿ ಹೆಚ್ಚು ಸೇರುವ ಜಾಗದಲ್ಲಿ, ಇನ್ನೊಂದು ಅತಿ ಕಷ್ಟದ ಜಾಗದಲ್ಲಿ. ಬಿಸಿಲು ಬೀಳುವ, ನೆಟ್‌ವರ್ಕ್ ದೂರ ಇರುವ, ಧೂಳಿರುವ ಜಾಗ ಆದರೆ ಒಳ್ಳೆಯದು. ಎರಡು ತಿಂಗಳು ಓಡಿಸಿ. ನಿಜವಾಗಿ ಬದಲಾಯಿಸಬೇಕಾದವರೇ ಬದಲಾಯಿಸಲಿ, ಮಾರಿದ ಕಂಪನಿಯವರು ಕೈ ಹಾಕಬಾರದು. ಎಷ್ಟು ಸಲ ಬದಲಾಯಿತು, ಎಷ್ಟು ಸಲ ಅವರು ನಿಮಗೆ ಫೋನ್ ಮಾಡಿದರು ಅಂತ ಬರೆದಿಡಿ. ಕೆಳಗೆ ಕೂತವರನ್ನೂ ಮಾತಾಡಿಸಿ, ಸ್ಕ್ರೀನಿನಲ್ಲಿ ಏನಿತ್ತು ಅಂತ ಕೇಳಿ. ಅವರಿಗೆ ನೆನಪಿಲ್ಲದಿದ್ದರೆ ವಿಷಯವನ್ನೋ ಜಾಗವನ್ನೋ ಬದಲಾಯಿಸಬೇಕು. ಉಳಿದ ಸ್ಕ್ರೀನ್‌ಗಳ ಆರ್ಡರ್ ಅದಾದ ಮೇಲೆ.

ಆರ್ಡರ್ ಕೊಡುವಾಗ ಪ್ಲಗ್ ಕೀಳುವ ಪರೀಕ್ಷೆ, ಕನ್ನಡದ ಚೀಟಿ, ಹಳೆ ಮಾಹಿತಿ ಮರೆಯಾಗುವುದು, ಈ ಮೂರನ್ನೂ ಕೊನೆಯ ಕಂತು ಕೊಡುವ ಶರತ್ತಿನಲ್ಲಿ ಸೇರಿಸಿ. ಸಿಎಂಎಸ್ ಖಾತೆ ನಿಮ್ಮ ಸಂಸ್ಥೆಯ ಇಮೇಲ್‌ನಲ್ಲಿರಲಿ, ಹಾಕಿಕೊಟ್ಟವರ ಇಮೇಲ್‌ನಲ್ಲಿ ಬೇಡ. ಸೀರಿಯಲ್ ನಂಬರ್, ಪಾಸ್‌ವರ್ಡ್, ಯಾವ ಕೇಬಲ್ ಯಾವ ಸ್ವಿಚ್ಚಿನ ಯಾವ ಪೋರ್ಟ್‌ಗೆ ಹೋಗಿದೆ ಅನ್ನುವ ಪಟ್ಟಿಯನ್ನು ಬರೆಸಿ ತಗೊಳ್ಳಿ. ಜೊತೆಗೆ ಪೂರ್ತಿ ಹೊಂದಿಸಿದ ಒಂದು ಪ್ಲೇಯರ್ ಹೆಚ್ಚುವರಿಯಾಗಿ ಸ್ಟೋರಿನಲ್ಲಿರಲಿ, ಅದರ ಮೇಲೆ ಜೋಡಿಸುವ ಕ್ರಮ ಬರೆದ ಚೀಟಿ ಅಂಟಿಸಿಡಿ. ರಾತ್ರಿ ಪಾಳಿಯ ಎಲೆಕ್ಟ್ರಿಷಿಯನ್ ಅದನ್ನು ಓದಿಕೊಂಡು, ಯಾರಿಗೂ ಫೋನ್ ಮಾಡದೆ ಕೆಟ್ಟ ಪ್ಲೇಯರನ್ನು ಬದಲಾಯಿಸಲು ಆಗಬೇಕು.